ನಕ್ಷತ್ರ ತೂಗದ ಮನೆಯ ಕ್ರಿಸ್‌ಮಸ್

ಡಿಸೆಂಬರ್ ತಿಂಗಳ ಎರಡನೆಯ ವಾರ ಬಂತೆಂದರೆ ಬೆಂಗಳೂರಿನ ಶಿವಾಜಿನಗರದಲ್ಲಿ, ಮಂಗಳೂರಿನ ಬೆಂದೂರಿನಲ್ಲಿ, ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಸುತ್ತಮುತ್ತ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗತೊಡಗುತ್ತವೆ. ಕರಾವಳಿಯ ಕ್ರೈಸ್ತರ ಅಡುಗೆಮನೆಗಳಲ್ಲಿ ಕುಸ್ವಾರಿಗೆ ಹಿಟ್ಟು ಕಲಸುವ ಕೆಲಸ ಆರಂಭವಾಗುತ್ತದೆ. ಮಕ್ಕಳು ಗೋದಲಿ ಕಟ್ಟಲು ಹುಲ್ಲು, ಪಾಚಿ ಹುಡುಕಿಕೊಂಡು ಅಲೆಯುತ್ತಾರೆ. ಆದರೆ ಅದೇ ಬೀದಿಯಲ್ಲಿ ಎಲ್ಲೋ ಒಂದು ಮನೆಯ ಮುಂದೆ ಆ ವರ್ಷ ನಕ್ಷತ್ರ ಇರುವುದಿಲ್ಲ. ಆ ಮನೆಯಲ್ಲಿ ಸಾವಾಗಿರಬಹುದು. ಮಗ ಕೆಲಸ ಕಳೆದುಕೊಂಡಿರಬಹುದು. ಗಲ್ಫಿನಿಂದ ಬರಬೇಕಾಗಿದ್ದವನಿಗೆ ರಜೆ ಸಿಗದೆ ಹೋಗಿರಬಹುದು. ಅಥವಾ ಹೆಸರಿಟ್ಟು ಹೇಳಲಾಗದ ಇನ್ನೇನೋ ಮನೆಯವರ ಮನಸ್ಸನ್ನು ಮುರಿದಿರಬಹುದು.

ಹಬ್ಬದ ದಿನ ಅಳಬಾರದೆಂಬುದು ನಮ್ಮ ಎಲ್ಲ ಸಮುದಾಯಗಳ ಹಿರಿಯರೂ ಹೇಳುವ ಮಾತು. ಆದರೆ ಅಳು ಉಕ್ಕುವುದು ಹಬ್ಬದ ದಿನವೇ. ಮಾಮೂಲಿ ದಿನಗಳಲ್ಲಿ ಕೆಲಸದ ಗಡಿಬಿಡಿಯಲ್ಲಿ ಮರೆತಂತಿದ್ದ ನೋವು ಎಲೆ ಹಾಕುವಾಗ ಒಂದು ಎಲೆ ಕಡಿಮೆಯಾದದ್ದು ಕಂಡು ಮತ್ತೆ ಹಸಿಯಾಗುತ್ತದೆ. ಯುಗಾದಿಗೂ ದೀಪಾವಳಿಗೂ ಈ ಮಾತು ಸಲ್ಲುತ್ತದೆ. ಕ್ರಿಸ್‌ಮಸ್ಸಿನಲ್ಲಿ ಮಾತ್ರ ಇನ್ನೊಂದು ತೊಡಕು ಕೂಡಿಕೊಂಡಿದೆ. ಅದು ಸಂತೋಷವನ್ನು ಸಾರಿಯೇ ಶುರುವಾಗುವ ಹಬ್ಬ. ಲೂಕನ ಸುವಾರ್ತೆಯಲ್ಲಿ ದೇವದೂತನು ಕುರುಬರಿಗೆ ತಂದ ಸುದ್ದಿಯನ್ನು ಕನ್ನಡ ಬೈಬಲ್ಲು 'ಮಹಾಸಂತೋಷ' ಎಂಬ ಪದದಿಂದ ಹೇಳುತ್ತದೆ. ಶುಭಾಶಯ ಪತ್ರಗಳ ಮೇಲೂ ಅಂಗಡಿಗಳ ಗಾಜಿನ ಮೇಲೂ ಅದೇ ಮಾತಿನ ಪ್ರತಿಧ್ವನಿ. ಹೀಗಾಗಿ ಆ ದಿನ ಸಂತೋಷಪಡಲಾಗದವನಿಗೆ ದುಃಖದ ಜೊತೆ ಅಪರಾಧದ ಭಾವವೂ ಅಂಟಿಕೊಳ್ಳುತ್ತದೆ. ತನ್ನ ವಿಶ್ವಾಸದಲ್ಲೇ ಏನೋ ಕೊರತೆಯಿದೆಯೇನೋ ಎಂಬ ಅಳುಕು ಹುಟ್ಟುತ್ತದೆ.

ಈ ಅಳುಕಿಗೆ ಆಧಾರವಿದೆಯೇ? ಹಬ್ಬದ ಮೂಲಕಥೆಯನ್ನೂ, ಚರ್ಚಿನ ಪಂಚಾಂಗವನ್ನೂ, ಇಂದು ಲೋಕವೆಲ್ಲ ಹಾಡುವ ಕ್ರಿಸ್‌ಮಸ್ ಗೀತೆಗಳ ಹುಟ್ಟನ್ನೂ ನೋಡಿದರೆ ಇಲ್ಲವೆಂದೇ ಹೇಳಬೇಕಾಗುತ್ತದೆ.

ಮೊದಲಿಗೆ ಮೂಲಕಥೆ. ಲೂಕನು ಹೇಳುವ ಕಥೆ ಚಕ್ರವರ್ತಿಯ ಖಾನೆಷುಮಾರಿಯ ಆಜ್ಞೆಯಿಂದ ಆರಂಭವಾಗುತ್ತದೆ. ತುಂಬು ಗರ್ಭಿಣಿಯೊಬ್ಬಳು ಸರ್ಕಾರಿ ಲೆಕ್ಕಕ್ಕೆ ಹೆಸರು ಬರೆಸಲು ಗಂಡನ ಊರಿಗೆ ಪ್ರಯಾಣ ಮಾಡಬೇಕಾಗುತ್ತದೆ. ಛತ್ರದಲ್ಲಿ ಜಾಗವಿಲ್ಲ. ಹುಟ್ಟಿದ ಮಗುವನ್ನು ದನಗಳಿಗೆ ಮೇವು ಹಾಕುವ ಗೋದಲಿಯಲ್ಲಿ ಮಲಗಿಸಬೇಕಾಗುತ್ತದೆ. ಸುದ್ದಿ ಮೊದಲು ಮುಟ್ಟುವುದು ರಾತ್ರಿಯೆಲ್ಲ ಬಯಲಲ್ಲಿ ಮಂದೆ ಕಾಯುವ ಕುರುಬರಿಗೆ. ಮತ್ತಾಯನ ಕಥೆಯಂತೂ ಇನ್ನೂ ಕಠೋರ. ಜೋಯಿಸರು ಬಂದು ಕಾಣಿಕೆ ಕೊಟ್ಟು ಹೋದ ಬೆನ್ನಿಗೇ ಹೆರೋದ ರಾಜನು ಬೇತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸುತ್ತಾನೆ. ಮರಿಯಳೂ ಯೋಸೇಫನೂ ಕೂಸನ್ನು ಎತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಓಡುತ್ತಾರೆ. ಈ ಕೊಲೆಯ ಪ್ರಸಂಗ ಮತ್ತಾಯನನ್ನು ಬಿಟ್ಟು ಆ ಕಾಲದ ಬೇರೆ ಬರಹಗಳಲ್ಲಿ ಕಾಣದಿರುವುದರಿಂದ ಇತಿಹಾಸಕಾರರಲ್ಲಿ ಇದರ ಬಗ್ಗೆ ಚರ್ಚೆಯಿದೆ. ಆ ಚರ್ಚೆ ಹೇಗೇ ಇರಲಿ, ಕಥೆ ಹೇಳಿದವನು ಜನನದ ಸಂತೋಷದ ಪಕ್ಕದಲ್ಲೇ ಮಕ್ಕಳನ್ನು ಕಳೆದುಕೊಂಡ ತಾಯಂದಿರ ಗೋಳನ್ನು ಇಟ್ಟ. ಚರ್ಚು ಅದನ್ನು ತೆಗೆದುಹಾಕಲಿಲ್ಲ. ಡಿಸೆಂಬರ್ 25ರ ಹಬ್ಬ ಮುಗಿದು ಮೂರೇ ದಿನಕ್ಕೆ, 28ರಂದು, ಪಾಶ್ಚಾತ್ಯ ಚರ್ಚುಗಳ ಪಂಚಾಂಗದಲ್ಲಿ ಆ ಮುಗ್ಧ ಶಿಶುಗಳ ಸ್ಮರಣೆಯ ದಿನ ಬರುತ್ತದೆ. ಕೇಕಿನ ಕೊನೆಯ ತುಂಡು ಮುಗಿಯುವ ಮುನ್ನವೇ ಬರುವ ಈ ದಿನವನ್ನು ಗಮನಿಸುವವರು ಕಡಿಮೆ.

ಪಂಚಾಂಗದ ಮಾತು ಬಂದಾಗ ಆಗಮನ ಕಾಲದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕ್ರಿಸ್‌ಮಸ್ಸಿಗೆ ಹಿಂದಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಈ ಅವಧಿ ಕ್ಯಾಥೊಲಿಕ್, ಆಂಗ್ಲಿಕನ್, ಲೂಥರನ್ ಮೊದಲಾದ ಪರಂಪರೆಗಳಲ್ಲಿ ಕಾಯುವ ಕಾಲ. ಹಳೆಯ ಕಾಲದಲ್ಲಿ ಇದು ಉಪವಾಸದ ಕಾಲವೂ ಆಗಿತ್ತು. ಪೂಜಾವಸ್ತ್ರದ ಬಣ್ಣ ನೇರಳೆ, ಅಂದರೆ ಪಶ್ಚಾತ್ತಾಪದ ಬಣ್ಣ. ಕ್ಯಾಥೊಲಿಕ್ ಪೂಜೆಯಲ್ಲಿ ಈ ವಾರಗಳಲ್ಲಿ ಮಹಿಮಾಗೀತೆಯನ್ನು ಹಾಡುವುದಿಲ್ಲ. ಇಂಥ ಸಪ್ಪೆ ವಾರಗಳ ನಡುವೆ ಮೂರನೆಯ ಭಾನುವಾರ ಮಾತ್ರ ಪಾದ್ರಿಗಳು ಗುಲಾಬಿ ಬಣ್ಣದ ವಸ್ತ್ರ ಧರಿಸಬಹುದು. ಲ್ಯಾಟಿನ್ನಿನಲ್ಲಿ ಅದಕ್ಕೆ 'ಗೌದೇತೆ' ಎಂಬ ಹೆಸರು. ಆನಂದಪಡಿರಿ ಎಂದು ಅದರರ್ಥ. ಆ ದಿನದ ಪೂಜೆಯ ಪ್ರವೇಶಶ್ಲೋಕದ ಮೊದಲ ಪದವೇ ದಿನಕ್ಕೆ ಹೆಸರಾಯಿತು. ಆ ಶ್ಲೋಕ ಬಂದಿರುವುದು ಸಂತ ಪೌಲನು ಫಿಲಿಪ್ಪಿ ಪಟ್ಟಣದ ಕ್ರೈಸ್ತರಿಗೆ ಬರೆದ ಪತ್ರದಿಂದ. ಪತ್ರ ಬರೆಯುವಾಗ ಪೌಲನು ಸೆರೆಯಲ್ಲಿದ್ದ. ತನಗೆ ಮರಣದಂಡನೆಯಾಗುವುದೋ ಬಿಡುಗಡೆಯಾಗುವುದೋ ಅವನಿಗೇ ಗೊತ್ತಿರಲಿಲ್ಲ. ಬೇಡಿಯಲ್ಲಿದ್ದವನೊಬ್ಬ ಹೊರಗಿದ್ದವರಿಗೆ ಆನಂದಪಡಲು ಹೇಳಿದ ಮಾತನ್ನು ಚರ್ಚು ಹಬ್ಬದ ದಿನಕ್ಕಲ್ಲ, ಕಾಯುವ ದಿನಗಳ ನಟ್ಟನಡುವೆ ಇರಿಸಿದೆ.

ಪೌಲನು ಬರೆದ ಗ್ರೀಕಿನಲ್ಲಿ ಆನಂದಕ್ಕೆ 'ಖರಾ' ಎಂಬ ಪದವಿದೆ. ಕನ್ನಡದ ಕಿವಿಗೆ ಅದು ಮೆಣಸಿನಕಾಯಿಯ ನೆನಪು ತಂದರೆ ತಪ್ಪಲ್ಲ, ಆದರೆ ಸಂಬಂಧವೇನೂ ಇಲ್ಲ. ಅನುಗ್ರಹ ಎಂಬರ್ಥದ 'ಖಾರಿಸ್' ಕೂಡ ಅದೇ ಧಾತುವಿನಿಂದ ಬಂದದ್ದು. ಆನಂದವೆಂಬುದು ಸಂಪಾದಿಸಿಕೊಂಡದ್ದಲ್ಲ, ಕೊಡಲ್ಪಟ್ಟದ್ದು ಎಂಬ ಕ್ರೈಸ್ತ ಚಿಂತನೆಗೆ ಈ ನಂಟು ಹೊಂದಿಕೊಳ್ಳುತ್ತದೆ. ಸುಖ ನಮ್ಮ ಪರಿಸ್ಥಿತಿಯನ್ನು ನೆಚ್ಚಿಕೊಂಡಿದೆ. ಬೆಳೆ ಬಂದರೆ, ಕಾಯಿಲೆ ವಾಸಿಯಾದರೆ, ಮಗ ಮನೆಗೆ ಬಂದರೆ ಸುಖ. ಬಾರದಿದ್ದರೆ ಇಲ್ಲ. ಕ್ರೈಸ್ತರು ಹೇಳುವ ಆನಂದ, ದೇವರು ಮನುಷ್ಯರ ಕಷ್ಟದೊಳಕ್ಕೇ ಇಳಿದು ಬಂದಿದ್ದಾನೆಂಬ ನಂಬಿಕೆಯನ್ನು ನೆಚ್ಚಿಕೊಂಡಿದೆ. ಆದ್ದರಿಂದ ಅದು ಕಣ್ಣೀರಿನ ಜೊತೆಗೇ ಇರಬಲ್ಲದು ಎಂಬುದು ಅವರ ವಾದ. ವಾದವಾಗಿ ಇದು ಸುಲಭ. ಅದನ್ನು ಬದುಕಿನಲ್ಲಿ ಹಿಡಿದವರ ಕಥೆಗಳನ್ನು ನೋಡಿದರೇ ಅದರ ತೂಕ ತಿಳಿಯುವುದು.

ಆಗಮನ ಕಾಲದಲ್ಲಿ ನಾಲ್ಕು ಮೇಣದಬತ್ತಿಗಳ ಹಸಿರು ಚಕ್ರವೊಂದನ್ನು ಇಡುವ ಪದ್ಧತಿ ಈಗ ನಮ್ಮ ಚರ್ಚುಗಳಲ್ಲೂ ಇದೆ. ಇದರ ಆರಂಭ ಬಡಮಕ್ಕಳ ಆಶ್ರಮವೊಂದರಲ್ಲಿ ಆಯಿತು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬ ಪಾದ್ರಿ ದಿಕ್ಕಿಲ್ಲದ ಹುಡುಗರಿಗಾಗಿ ಆಶ್ರಮ ನಡೆಸುತ್ತಿದ್ದರು. ಕ್ರಿಸ್‌ಮಸ್ ಯಾವಾಗ, ಯಾವಾಗ ಎಂದು ಮಕ್ಕಳು ದಿನವೂ ಕಾಡುತ್ತಿದ್ದರಂತೆ. 1839ರಲ್ಲಿ ಅವರು ಗಾಡಿಯ ಚಕ್ರವೊಂದರ ಮೇಲೆ ಭಾನುವಾರಗಳಿಗೆ ದೊಡ್ಡ ಬತ್ತಿ, ಉಳಿದ ದಿನಗಳಿಗೆ ಸಣ್ಣ ಬತ್ತಿ ನಿಲ್ಲಿಸಿ ದಿನಕ್ಕೊಂದರಂತೆ ಹಚ್ಚಿಸಿದರು. ಕತ್ತಲು ಹೆಚ್ಚುತ್ತಾ ಹೋಗುವ ಯುರೋಪಿನ ಡಿಸೆಂಬರಿನಲ್ಲಿ ಬೆಳಕು ದಿನಕ್ಕೊಂದು ಬತ್ತಿಯಷ್ಟು ಬೆಳೆಯುತ್ತಿತ್ತು.

ಈಗ ಹಾಡುಗಳ ಕಡೆಗೆ. ಇಂದು 300ಕ್ಕೂ ಹೆಚ್ಚು ಭಾಷೆಗಳಲ್ಲಿ, ಕನ್ನಡದಲ್ಲೂ, ಹಾಡಲಾಗುವ 'ಸೈಲೆಂಟ್ ನೈಟ್' ಜರ್ಮನ್ ಮೂಲದ್ದು. 'ಶ್ಟಿಲ್ಲೆ ನಾಖ್ಟ್' ಎಂಬ ಆ ಪದ್ಯವನ್ನು ಬರೆದ ಯೋಸೆಫ್ ಮೋರ್ 1792ರ ಡಿಸೆಂಬರ್ 11ರಂದು ಆಸ್ಟ್ರಿಯದ ಸಾಲ್ಸ್‌ಬರ್ಗಿನಲ್ಲಿ ಹುಟ್ಟಿದವರು. ತಾಯಿ ಹೆಣಿಗೆ ಕೆಲಸ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಬಡವಿ. ಮದುವೆಯಾಗಿರಲಿಲ್ಲ. ತಂದೆ ಸಿಪಾಯಿ, ಮಗು ಹುಟ್ಟುವ ಮುನ್ನವೇ ಸೈನ್ಯದಿಂದಲೂ ಊರಿನಿಂದಲೂ ಓಡಿಹೋದವನು. ಜ್ಞಾನಸ್ನಾನದ ವೇಳೆ ಧರ್ಮಪಿತನಾಗಿ ಹೆಸರು ಕೊಟ್ಟವನು ಆ ಊರಿನ ಗಲ್ಲಿಗೇರಿಸುವ ಅಧಿಕಾರಿ! ಬೇರೆ ಯಾರೂ ಮುಂದೆ ಬರಲಿಲ್ಲವೆಂದು ಊಹಿಸಬಹುದು. ಹುಡುಗನ ಕಂಠ ಚೆನ್ನಾಗಿತ್ತು. ಕಥೀಡ್ರಲಿನ ಪಾದ್ರಿಯೊಬ್ಬರ ಕಣ್ಣಿಗೆ ಬಿದ್ದು ಅವರ ಆಸರೆಯಲ್ಲಿ ಓದಿದ. ವಿವಾಹಬಾಹಿರವಾಗಿ ಹುಟ್ಟಿದವನು ಪಾದ್ರಿಯಾಗಲು ಆಗ ವಿಶೇಷ ಅನುಮತಿ ಬೇಕಿತ್ತು. ಅದನ್ನೂ ಪಡೆದು 1815ರಲ್ಲಿ ಗುರುಪಟ್ಟ ಪಡೆದ.

ಮೋರ್ ಪದ್ಯ ಬರೆದದ್ದು 1816ರಲ್ಲಿ, ಮಾರಿಯಾಫಾರ್ ಎಂಬ ಬೆಟ್ಟದೂರಿನಲ್ಲಿ ಸಹಾಯಕ ಪಾದ್ರಿಯಾಗಿದ್ದಾಗ. 1995ರಲ್ಲಿ ಅವರದೇ ಕೈಬರಹದ ಪ್ರತಿಯೊಂದು ಸಿಕ್ಕಿದ ಮೇಲೆ ಈ ವಿಷಯ ಖಚಿತವಾಯಿತು. ಅದುವರೆಗೆ ಪದ್ಯವೂ ರಾಗವೂ ಒಂದೇ ದಿನ ಹುಟ್ಟಿದುವೆಂದು ಬಹುಮಂದಿ ನಂಬಿದ್ದರು. ಆ 1816 ಎಂಥ ವರ್ಷ? ನೆಪೋಲಿಯನ್ನನ ಯುದ್ಧಗಳು ಆಗತಾನೇ ಮುಗಿದಿದ್ದವು. ಶತಮಾನಗಳಿಂದ ಆರ್ಚ್‌ಬಿಷಪ್ಪರ ಸ್ವತಂತ್ರ ಸಂಸ್ಥಾನವಾಗಿದ್ದ ಸಾಲ್ಸ್‌ಬರ್ಗ್ 1803ರಿಂದ ಕೈಯಿಂದ ಕೈಗೆ ಬದಲಾಗಿ, ಬವೇರಿಯದ ವಶದಲ್ಲಿದ್ದು, ಆ ವರ್ಷ ಆಸ್ಟ್ರಿಯದ ಪಾಲಾಗಿತ್ತು. ಇದರ ಮೇಲೆ ಪ್ರಕೃತಿಯ ಕೋಪ. 1815ರ ಏಪ್ರಿಲಿನಲ್ಲಿ ಈಗಿನ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಆಕಾಶಕ್ಕೆ ತೂರಿದ ಬೂದಿ ಮತ್ತು ಗಂಧಕದ ಮಬ್ಬು ಭೂಮಿಯನ್ನೇ ತಣ್ಣಗಾಗಿಸಿತ್ತು. ಯುರೋಪಿನಲ್ಲಿ 1816 ಬೇಸಿಗೆಯೇ ಇಲ್ಲದ ವರ್ಷವಾಯಿತು. ಬೆಳೆ ಕೊಳೆಯಿತು, ಧಾನ್ಯದ ಬೆಲೆ ಏರಿತು, ಜನ ಹಸಿದರು. ಶಾಂತವಾದ ರಾತ್ರಿಯ ಬಗ್ಗೆ, ನಿಶ್ಚಿಂತೆಯಿಂದ ಮಲಗಿದ ಮಗುವಿನ ಬಗ್ಗೆ ಇಪ್ಪತ್ತಮೂರು ವರ್ಷದ ಪಾದ್ರಿ ಬರೆದ ಆರು ಚರಣಗಳ ಹಿಂದೆ ಇದೆಲ್ಲ ಇದೆ.

ಮರುವರ್ಷ ಮೋರ್ ಸಾಲ್ಸಾಖ್ ನದಿಯ ದಡದ ಓಬರ್ನ್‌ಡೋರ್ಫಿಗೆ ಬಂದರು. ದೋಣಿಗಳಲ್ಲಿ ಉಪ್ಪು ಸಾಗಿಸಿ ಬದುಕುತ್ತಿದ್ದವರ ಊರದು. ನದಿಯಾಚೆಯ ಲೌಫನ್ ಪಟ್ಟಣವೂ ಇದೂ ಒಂದೇ ಊರಿನ ಎರಡು ಭಾಗಗಳಾಗಿದ್ದವು. 1816ರ ಒಪ್ಪಂದದಲ್ಲಿ ನದಿಯೇ ದೇಶಗಳ ಗಡಿಯಾಯಿತು. ಬಂಧುಗಳು ಅತ್ತ, ಇವರು ಇತ್ತ. ಉಪ್ಪಿನ ವ್ಯಾಪಾರವೂ ಕುಸಿಯಿತು. ಗಡಿ ಎಳೆದಾಗ ಊರುಗಳಿಗೆ ಏನಾಗುತ್ತದೆಂದು ನಮ್ಮ ದೇಶದವರಿಗೆ ಹೇಳಿಕೊಡಬೇಕಾಗಿಲ್ಲ. ಮೋರ್ ಅವರಿಗೆ ಮೇಲಿನ ಪಾದ್ರಿಯ ಕಿರುಕುಳವೂ ಇತ್ತು. ಭಕ್ತಿಗೆ ಒಪ್ಪದ ಹಾಡು ಹಾಡುತ್ತಾನೆ, ಹೆಂಗಸರೊಡನೆ ತಮಾಷೆ ಮಾಡುತ್ತಾನೆ ಎಂದು ಆ ಹಿರಿಯರು 1818ರಲ್ಲಿ ಮೇಲಧಿಕಾರಿಗಳಿಗೆ ದೂರು ಬರೆದರು.

ಅದೇ ವರ್ಷದ ಡಿಸೆಂಬರ್ 24ರಂದು ಮೋರ್ ತಮ್ಮ ಹಳೆಯ ಪದ್ಯವನ್ನು ಗೆಳೆಯ ಫ್ರಾನ್ಸ್ ಕ್ಸೇವರ್ ಗ್ರೂಬರ್ ಅವರ ಕೈಗಿಟ್ಟು, ಎರಡು ಕಂಠಗಳಿಗೂ ಗಿಟಾರಿಗೂ ಹೊಂದುವ ರಾಗ ಹಾಕಿಕೊಡಲು ಕೇಳಿದರು. ಗ್ರೂಬರ್ ಪಕ್ಕದ ಆರ್ನ್ಸ್‌ಡೋರ್ಫಿನ ಶಾಲಾ ಮೇಷ್ಟ್ರು, ಲಿನನ್ ನೇಯುವವರ ಮಗ. ಓಬರ್ನ್‌ಡೋರ್ಫಿನ ಸಂತ ನಿಕೋಲಸ್ ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸವನ್ನೂ ಮಾಡುತ್ತಿದ್ದರು. ಅಂದು ಸಂಜೆಯೊಳಗೆ ರಾಗ ಸಿದ್ಧವಾಯಿತು. ರಾತ್ರಿಯ ಪೂಜೆಯ ವೇಳೆಗೆ ಮೋರ್ ಗಿಟಾರು ನುಡಿಸುತ್ತಾ ಮೇಲಿನ ಸ್ವರವನ್ನು, ಗ್ರೂಬರ್ ಕೆಳಗಿನ ಸ್ವರವನ್ನು ಹಾಡಿದರು. ಇಲಿಗಳು ಆರ್ಗನ್ನಿನ ತಿದಿಯನ್ನು ಕಡಿದುಹಾಕಿದ್ದರಿಂದ ಗಿಟಾರು ಹಿಡಿಯಬೇಕಾಯಿತೆಂಬ ಕಥೆ ಪ್ರಸಿದ್ಧವಾಗಿದೆ. ಗ್ರೂಬರ್ 1854ರಲ್ಲಿ ಬರೆದಿಟ್ಟ ವಿವರಣೆಯಲ್ಲಿ ಇಲಿಯೂ ಇಲ್ಲ, ಕೆಟ್ಟ ಆರ್ಗನ್ನೂ ಇಲ್ಲ. ಆದರೆ ಆರ್ಗನ್ ಹಳೆಯದಾಗಿದ್ದುದು ನಿಜ. ಕಾರ್ಲ್ ಮೌರಾಖರ್ ಎಂಬ ಆರ್ಗನ್ ತಯಾರಕ 1825ರಲ್ಲಿ ಅಲ್ಲಿಗೆ ಹೊಸದನ್ನು ಮಾಡಿಕೊಟ್ಟ. ಈ ಹಾಡನ್ನು ತನ್ನ ಊರಾದ ತಿರೋಲ್ ಪ್ರಾಂತ್ಯದ ಕಣಿವೆಗೆ ಒಯ್ದವನೂ ಅವನೇ. ಅಲ್ಲಿಂದ ಊರೂರು ತಿರುಗಿ ಹಾಡುತ್ತಿದ್ದ ಕುಟುಂಬಗಳು ಅದನ್ನು ಲೈಪ್‌ಜಿಗ್‌ಗೂ 1839ರಲ್ಲಿ ನ್ಯೂಯಾರ್ಕಿಗೂ ಮುಟ್ಟಿಸಿದವು.

ಹಾಡು ಲೋಕ ಸುತ್ತುತ್ತಿದ್ದಾಗ ಬರೆದವರನ್ನು ಲೋಕ ಮರೆತಿತ್ತು. ಯಾರೋ ಹೈಡನ್ ರಚಿಸಿದ್ದೆಂದರು. ಬರ್ಲಿನ್ನಿನ ಅರಮನೆಯ ಸಂಗೀತಮಂಡಲಿ ವಿಚಾರಿಸಿದಾಗ ಗ್ರೂಬರ್ ಮೇಲೆ ಹೇಳಿದ ವಿವರಣೆ ಬರೆದು ಕಳಿಸಿದರು. ಅಷ್ಟು ಹೊತ್ತಿಗೆ ಮೋರ್ ತೀರಿಕೊಂಡು ಆರು ವರ್ಷವಾಗಿತ್ತು. 1819ರಲ್ಲಿ ಓಬರ್ನ್‌ಡೋರ್ಫ್ ಬಿಟ್ಟ ಮೇಲೆ ಅವರನ್ನು ಊರಿಂದೂರಿಗೆ ವರ್ಗ ಮಾಡುತ್ತಲೇ ಇದ್ದರು. ಕೊನೆಯ ಹತ್ತು ಹನ್ನೊಂದು ವರ್ಷ ಕಳೆದದ್ದು ವಾಗ್ರೈನ್ ಎಂಬ ಬೆಟ್ಟದ ಹಳ್ಳಿಯಲ್ಲಿ. ಅಲ್ಲಿ ಬಡಮಕ್ಕಳ ಶಾಲೆಗಾಗಿ ಓಡಾಡಿದರು. 1848ರ ಡಿಸೆಂಬರ್ 4ರಂದು ಸತ್ತಾಗ ಅವರಲ್ಲಿ ಆಸ್ತಿಯೆನ್ನುವಂಥದ್ದೇನೂ ಇರಲಿಲ್ಲ. ಚಿತ್ರ ಕೂಡ ಇರಲಿಲ್ಲ. ಮುಂದೆ ಶಿಲ್ಪಿಯೊಬ್ಬ ಅವರ ಮುಖ ಕಡೆಯಬೇಕೆಂದಾಗ ಸಮಾಧಿ ಅಗೆದು ತಲೆಬುರುಡೆಯನ್ನೇ ನೋಡಬೇಕಾಯಿತು. ಗ್ರೂಬರ್ ಅವರ ಮನೆಯಲ್ಲೂ ಸಾವುಗಳ ಸಾಲೇ ಇತ್ತು. ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಬದುಕಿ ದೊಡ್ಡವರಾಗಲಿಲ್ಲ.

ಈ ಹಾಡಿನ ಬಗ್ಗೆ ಇನ್ನೊಂದು ಮಾತಿದೆ. ಆರು ಚರಣಗಳಲ್ಲಿ ಸಾಮಾನ್ಯವಾಗಿ ಮೂರನ್ನಷ್ಟೇ ಹಾಡುತ್ತಾರೆ. ಲೋಕದ ಜನಾಂಗಗಳನ್ನೆಲ್ಲ ಯೇಸು ಸಹೋದರನಂತೆ ಅಪ್ಪಿಕೊಂಡನೆಂದು ಹೇಳುವ ನಾಲ್ಕನೆಯ ಚರಣ ಬಿಟ್ಟುಹೋಗಿದೆ. ಯುದ್ಧ ಕಂಡವನು ಬರೆದ ಮಾತು ಅದು. ಅದು ಹೋದಾಗ ಹಾಡಿನಿಂದ ಅದರ ಕಾಲವೇ ಹೋಯಿತು, ತೊಟ್ಟಿಲಿನ ಮಾಧುರ್ಯವಷ್ಟೇ ಉಳಿಯಿತು. ಹಬ್ಬದ ಹಾಡುಗಳಿಗೆ ಇದೊಂದು ಶಾಪವೇ ಇರಬೇಕು. ಸಂಕಟದಲ್ಲಿ ಹುಟ್ಟಿದ ಹಾಡಿನಿಂದ ಸಂಕಟವನ್ನು ಕಿತ್ತು ಸಿಹಿಯನ್ನು ಮಾತ್ರ ಮುಂದಿನವರಿಗೆ ದಾಟಿಸುತ್ತಾರೆ.

ಅಮೆರಿಕದ ಕವಿ ಹೆನ್ರಿ ವಾಡ್ಸ್‌ವರ್ತ್ ಲಾಂಗ್‌ಫೆಲೋ ಬರೆದ 'ಕ್ರಿಸ್‌ಮಸ್ ಬೆಲ್ಸ್' ಪದ್ಯಕ್ಕೂ ಹಾಗೆಯೇ ಆಯಿತು. 1861ರ ಜುಲೈಯಲ್ಲಿ ಮಸಾಚುಸೆಟ್ಸ್‌ನ ಕೇಂಬ್ರಿಜ್‌ನ ಅವರ ಮನೆಯಲ್ಲಿ ಹೆಂಡತಿ ಫ್ಯಾನಿಯ ಉಡುಪಿಗೆ ಬೆಂಕಿ ಹತ್ತಿಕೊಂಡಿತು. ಆರಿಸಹೋದ ಕವಿಯ ಕೈ ಮುಖಗಳೂ ಸುಟ್ಟವು. ಮರುದಿನ ಆಕೆ ಸತ್ತರು. ಸುಟ್ಟಗಾಯದಿಂದ ಹಾಸಿಗೆ ಹಿಡಿದಿದ್ದ ಗಂಡ ಅಂತ್ಯಸಂಸ್ಕಾರಕ್ಕೂ ಹೋಗಲಾಗಲಿಲ್ಲ. ನಂತರದ ಅವರ ನೀಳ ಗಡ್ಡ ಚಿತ್ರಗಳಲ್ಲಿ ಋಷಿಯ ಕಳೆ ತಂದಿದೆ. ನಿಜದಲ್ಲಿ ಅದು ಮುಖದ ಕಲೆಗಳ ಮೇಲೆ ಬಿಟ್ಟ ಗಡ್ಡ. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಹಬ್ಬಗಳೆಲ್ಲ ಎಷ್ಟು ದುಃಖಕರವೆಂದು ಅವರು ದಿನಚರಿಯಲ್ಲಿ ಬರೆದುಕೊಂಡರು. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದ 1863ರಲ್ಲಿ ಹಿರಿಯ ಮಗ ಚಾರ್ಲ್ಸ್ ತಂದೆಗೆ ಹೇಳದೆ ಉತ್ತರದ ಸೈನ್ಯ ಸೇರಿದ. ನವೆಂಬರ್ 27ರಂದು ವರ್ಜೀನಿಯದ ಕಾಳಗವೊಂದರಲ್ಲಿ ಗುಂಡು ಅವನ ಭುಜದ ಬಳಿ ಹೊಕ್ಕು ಬೆನ್ನುಹುರಿಗೆ ಕೂದಲೆಳೆಯಷ್ಟು ದೂರದಲ್ಲಿ ಹಾದುಹೋಯಿತು. ತಂತಿ ತಲುಪಿದೊಡನೆ ತಂದೆ ವಾಷಿಂಗ್ಟನ್ನಿಗೆ ಹೋಗಿ ಮಗನನ್ನು ಮನೆಗೆ ಕರೆತಂದರು.

ಆ ಡಿಸೆಂಬರ್ 25ರಂದು ಬರೆದ ಪದ್ಯ ಗಂಟೆಗಳ ನಾದದಿಂದ ಶುರುವಾಗಿ, ಫಿರಂಗಿಯ ಸದ್ದು ಆ ನಾದವನ್ನು ಮುಳುಗಿಸುವಲ್ಲಿಗೆ ಬಂದು, ಲೋಕದಲ್ಲಿ ಶಾಂತಿಯೆಂಬುದೇ ಇಲ್ಲವೆಂಬ ಹತಾಶೆಗೆ ಇಳಿಯುತ್ತದೆ. ಆಮೇಲೆ ಗಂಟೆಗಳು ಮತ್ತೂ ಗಟ್ಟಿಯಾಗಿ ಕೇಳಿಸುತ್ತವೆ. ಚರ್ಚುಗಳಲ್ಲಿ ಹಾಡಾದಾಗ ಫಿರಂಗಿಯ ಚರಣಗಳನ್ನು ಸಾಮಾನ್ಯವಾಗಿ ಕೈಬಿಡಲಾಯಿತು. ಹತಾಶೆಗೆ ಕಾರಣವೇ ಕಾಣದೆ ಹೋದ ಮೇಲೆ ಕೊನೆಯ ಗಂಟೆಗೆ ಏನು ಬೆಲೆ?

ಸಂಕಟವನ್ನು ಬಿಡದೆ ಉಳಿಸಿಕೊಂಡ ಹಾಡೂ ಒಂದಿದೆ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಉಣ್ಣೆಬಟ್ಟೆ ಕೆಲಸದವರೂ ದರ್ಜಿಗಳೂ ಸೇರಿ ಆಡುತ್ತಿದ್ದ ಹದಿನಾರನೆಯ ಶತಮಾನದ ಬೀದಿನಾಟಕವೊಂದರಲ್ಲಿ, ಹೆರೋದನ ಸೈನಿಕರು ಬರುವರೆಂದು ತಿಳಿದ ತಾಯಂದಿರು ಮಕ್ಕಳಿಗೆ ಹಾಡುವ ಜೋಗುಳ 'ಕವೆಂಟ್ರಿ ಕ್ಯಾರಲ್' ಎಂದು ಉಳಿದು ಬಂದಿದೆ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಆ ಊರಿನ ಮೇಲೆ ಬಾಂಬ್ ಸುರಿದು ಕಥೀಡ್ರಲನ್ನು ಸುಟ್ಟುಹಾಕಿದವು. ಆರು ವಾರದ ನಂತರ, ಕ್ರಿಸ್‌ಮಸ್ ದಿನ, ಛಾವಣಿಯಿಲ್ಲದ ಆ ಗೋಡೆಗಳ ನಡುವಿನಿಂದ ಬಿಬಿಸಿ ರೇಡಿಯೋದಲ್ಲಿ ಅದೇ ಜೋಗುಳ ಕೇಳಿಬಂತು. ಎಷ್ಟೇ ಕಷ್ಟವಾದರೂ ಸೇಡಿನ ಯೋಚನೆಯನ್ನು ಮನಸ್ಸಿನಿಂದ ಹೊರಗಟ್ಟಲು ಯತ್ನಿಸುತ್ತಿದ್ದೇವೆ ಎಂದು ಕಥೀಡ್ರಲಿನ ಮುಖ್ಯ ಪಾದ್ರಿ ರಿಚರ್ಡ್ ಹೊವರ್ಡ್ ಅಂದು ಹೇಳಿದರು.

ಮೂರು ವರ್ಷದ ನಂತರ, ಅದೇ ಯುದ್ಧದ ಎದುರು ಬದಿಯಲ್ಲಿ, ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿ ಡೀಟ್ರಿಖ್ ಬೊನ್‌ಹೋಫರ್ ಎಂಬ ಲೂಥರನ್ ಪಾದ್ರಿ ಕ್ರಿಸ್‌ಮಸ್ಸನ್ನು ಎದುರುನೋಡುತ್ತಿದ್ದರು. ಹಿಟ್ಲರನ ಆಡಳಿತವನ್ನು ಮೊದಲಿಂದ ವಿರೋಧಿಸಿದ ದೇವಶಾಸ್ತ್ರಜ್ಞರು ಅವರು. 1943ರ ಏಪ್ರಿಲ್ 5ರಂದು ಬಂಧನವಾಗಿತ್ತು. ಅದೇ ಜನವರಿಯಲ್ಲಿ ಮರಿಯಾ ಫಾನ್ ವೇಡೆಮೇಯರ್ ಎಂಬ ಹದಿನೆಂಟರ ತರುಣಿಯೊಡನೆ ಮದುವೆಯ ನಿಶ್ಚಯವಾಗಿತ್ತು. ಮರಿಯಾಳ ತಂದೆಯೂ ಅಣ್ಣನೂ 1942ರಲ್ಲಿ ಯುದ್ಧರಂಗದಲ್ಲಿ ಸತ್ತಿದ್ದರು. ಡಿಸೆಂಬರಿನ ಒಳಗೆ ವಿಚಾರಣೆ ಮುಗಿದು ಹಬ್ಬಕ್ಕೆ ಮನೆ ಸೇರುವ ಆಸೆ ಬೊನ್‌ಹೋಫರ್ ಅವರಿಗೆ ಇತ್ತು. ಆಗಮನ ಕಾಲ ಆರಂಭವಾಗುವ ಮುನ್ನ ಗೆಳೆಯ ಎಬರ್‌ಹಾರ್ಡ್ ಬೇಟ್ಗೆಗೆ ಬರೆದ ಪತ್ರದಲ್ಲಿ ಸೆರೆಕೋಣೆಯನ್ನು ಈ ಕಾಲಕ್ಕೆ ಹೋಲಿಸಿದ್ದರು. ಕೈದಿ ಕಾಯುತ್ತಾನೆ, ಆಸೆಪಡುತ್ತಾನೆ, ಏನೇನೋ ಚಿಲ್ಲರೆ ಕೆಲಸ ಮಾಡುತ್ತಾನೆ. ಆದರೆ ಬಾಗಿಲು ತೆರೆಯಬೇಕಾದದ್ದು ಹೊರಗಿನಿಂದ. ವಿಚಾರಣೆ ಮುಂದಕ್ಕೆ ಹೋಯಿತು. ಬಾಗಿಲು ತೆರೆಯಲಿಲ್ಲ.

ಡಿಸೆಂಬರ್ 17ರಂದು ತಂದೆತಾಯಿಗಳಿಗೆ ಬರೆದ ಪತ್ರದಲ್ಲಿ ಅವರು, ಕ್ರೈಸ್ತನ ದೃಷ್ಟಿಯಿಂದ ಸೆರೆಮನೆಯ ಕ್ರಿಸ್‌ಮಸ್ ವಿಶೇಷ ತೊಂದರೆಯ ಸಂಗತಿಯಲ್ಲ ಎಂದರು. ಹಬ್ಬದ ಹೆಸರು ಮಾತ್ರ ಉಳಿದಿರುವ ಮನೆಗಳಿಗಿಂತ ಇಲ್ಲಿಯೇ ಅದು ಹೆಚ್ಚು ನಿಜವಾಗಿ ನಡೆದೀತು. ಮನುಷ್ಯರು ಮುಖ ತಿರುಗಿಸುವ ಕಡೆಗೇ ದೇವರು ಮುಖ ಮಾಡುತ್ತಾನೆ, ಛತ್ರದಲ್ಲಿ ಜಾಗವಿಲ್ಲದೆ ಕ್ರಿಸ್ತನು ಕೊಟ್ಟಿಗೆಯಲ್ಲಿ ಹುಟ್ಟಿದನೆಂಬುದು ಕೈದಿಗೆ ಉಳಿದವರಿಗಿಂತ ಬೇಗ ಅರ್ಥವಾಗುತ್ತದೆ ಎಂಬುದು ಅವರ ಮಾತಿನ ಸಾರ. ಮರುದಿನ ಗೆಳೆಯನಿಗೆ ಬರೆದ ಪತ್ರದ ಧಾಟಿಯೇ ಬೇರೆ. ಹಂಬಲಕ್ಕಿಂತ ಹೆಚ್ಚು ಹಿಂಸೆ ಕೊಡುವಂಥದ್ದು ಇಲ್ಲವೆಂದು ಅಲ್ಲಿ ಒಪ್ಪಿಕೊಳ್ಳುತ್ತಾರೆ. ಒಂದರಲ್ಲಿ ಧೈರ್ಯ, ಇನ್ನೊಂದರಲ್ಲಿ ಸಂಕಟ. ಯಾವುದು ನಿಜವೆಂದು ಕೇಳುವ ಅಗತ್ಯವಿಲ್ಲ. ಮಗನೊಬ್ಬ ಮುದಿ ತಂದೆತಾಯಿಗಳಿಗೂ ಜೀವದ ಗೆಳೆಯನಿಗೂ ಒಂದೇ ಬಗೆಯ ಕಾಗದ ಬರೆಯಲಾರ. ಆ ದಿನಗಳಲ್ಲೇ ಸಹಕೈದಿಗಳಿಗಾಗಿ ಅವರು ಕೆಲವು ಪ್ರಾರ್ಥನೆಗಳನ್ನೂ ಬರೆದುಕೊಟ್ಟರು.

ಎಲ್ಲಕ್ಕಿಂತ ಗಮನಿಸಬೇಕಾದದ್ದು ಡಿಸೆಂಬರ್ 24ರ ಪತ್ರ. ಬೇಟ್ಗೆ ಮತ್ತು ಅವರ ಹೆಂಡತಿ ರೆನಾಟೆಗೆ ಬರೆದದ್ದು. ರೆನಾಟೆ ಬೊನ್‌ಹೋಫರ್ ಅವರ ಅಕ್ಕನ ಮಗಳು. ಬೇಟ್ಗೆ ಕೆಲವೇ ದಿನಗಳಲ್ಲಿ ಯುದ್ಧಕ್ಕೆ ಹೊರಡಬೇಕಾಗಿತ್ತು. ಅಗಲುವ ದಂಪತಿಗೆ ಪಾದ್ರಿಯಾದವನು ಏನು ಹೇಳಬಹುದು? ದೇವರು ಆ ತೆರವನ್ನು ತುಂಬುತ್ತಾನೆ ಎನ್ನುವುದು ವಾಡಿಕೆ. ಬೊನ್‌ಹೋಫರ್ ಅದನ್ನು ತಪ್ಪೆಂದರು. ಪ್ರೀತಿಪಾತ್ರರು ಇಲ್ಲದ ಜಾಗವನ್ನು ಯಾವುದೂ ತುಂಬಲಾರದು, ತುಂಬಲು ಯತ್ನಿಸಲೂ ಬಾರದು. ದೇವರು ಅದನ್ನು ತುಂಬುವುದಿಲ್ಲ, ತೆರವಾಗಿಯೇ ಇರಿಸುತ್ತಾನೆ, ನೋವಿನ ಮೂಲಕವಾದರೂ ಸಂಬಂಧ ಉಳಿಯಲೆಂದು. ನೆನಪು ಸುಂದರವಾದಷ್ಟೂ ಅಗಲಿಕೆ ಕಷ್ಟ, ಆದರೆ ಕೃತಜ್ಞತೆ ಆ ನೆನಪಿನ ಹಿಂಸೆಯನ್ನು ಶಾಂತವಾದ ಆನಂದವಾಗಿ ಮಾರ್ಪಡಿಸುತ್ತದೆ ಎಂದು ಬರೆದರು. ಸಮಾಧಾನ ಹೇಳುವ ಆತುರದಲ್ಲಿ ನಾವು ಸಾವಿನ ಮನೆಗಳಲ್ಲಿ ಆಡುವ ಎಷ್ಟೋ ಮಾತುಗಳಿಗಿಂತ ಇದು ಪ್ರಾಮಾಣಿಕವಾದದ್ದು.

ಇಂಥ ಪ್ರಾಮಾಣಿಕತೆಗೆ ಈಗ ಕೆಲವು ಚರ್ಚುಗಳು ಪೂಜೆಯಲ್ಲೇ ಜಾಗ ಮಾಡಿಕೊಟ್ಟಿವೆ. ಅಮೆರಿಕ, ಕೆನಡಾ, ಬ್ರಿಟನ್ನುಗಳಲ್ಲಿ ಡಿಸೆಂಬರ್ 21ರ ಸುಮಾರಿಗೆ, ಅಂದರೆ ವರ್ಷದ ಅತಿ ದೀರ್ಘ ರಾತ್ರಿಯ ಹೊತ್ತಿಗೆ, ದುಃಖದಲ್ಲಿರುವವರಿಗಾಗಿ ಪ್ರತ್ಯೇಕ ಪ್ರಾರ್ಥನೆ ನಡೆಯುತ್ತದೆ. ಸಡಗರದ ಹಾಡಿಲ್ಲ. ಸತ್ತವರ ಹೆಸರಿನಲ್ಲಿ ಬತ್ತಿ ಹಚ್ಚುತ್ತಾರೆ, ಬಹಳ ಹೊತ್ತು ಮೌನವಾಗಿ ಕೂರುತ್ತಾರೆ, ಅಳುವವರನ್ನು ಯಾರೂ ತಡೆಯುವುದಿಲ್ಲ. ಹಳೆಯ ಪಂಚಾಂಗದಲ್ಲಿ ಡಿಸೆಂಬರ್ 21 ಸಂತ ತೋಮನ ದಿನವಾಗಿತ್ತೆಂಬುದು ಒಂದು ಚೆಲುವಾದ ಕಾಕತಾಳೀಯ. ಗಾಯಗಳನ್ನು ಮುಟ್ಟಿ ನೋಡದೆ ನಂಬುವುದಿಲ್ಲ ಎಂದವನು ಅವನು. ಭಾರತಕ್ಕೆ ಬಂದನೆಂದು ಪರಂಪರೆ ಹೇಳುವ ಅಪೊಸ್ತಲನೂ ಅವನೇ.

ಬೊನ್‌ಹೋಫರ್ ಅವರ ಮುಂದಿನ ಕ್ರಿಸ್‌ಮಸ್ ಕಳೆದದ್ದು ಬರ್ಲಿನ್ನಿನ ಪ್ರಿನ್ಸ್ ಆಲ್ಬ್ರೆಖ್ಟ್ ರಸ್ತೆಯ ಗೆಸ್ಟಾಪೊ ಕಚೇರಿಯ ನೆಲಮಾಳಿಗೆಯಲ್ಲಿ. 1944ರ ಡಿಸೆಂಬರ್ 19ರಂದು ಮರಿಯಾಗೆ ಬರೆದ ಪತ್ರದ ಜೊತೆ ಏಳು ಚರಣಗಳ ಪದ್ಯವೊಂದನ್ನು ಇಟ್ಟು, ಅದು ಅವಳಿಗೂ ತಂದೆತಾಯಿಗಳಿಗೂ ಒಡಹುಟ್ಟಿದವರಿಗೂ ತನ್ನ ಹಬ್ಬದ ಶುಭಾಶಯವೆಂದು ಹೇಳಿದರು. ಆ ಪದ್ಯಕ್ಕೆ ಮುಂದೆ ಹಲವರು ರಾಗ ಹಾಕಿದರು. ಜರ್ಮನಿಯ ಚರ್ಚುಗಳಲ್ಲಿ ವರ್ಷದ ಕೊನೆಯ ರಾತ್ರಿ ಅದನ್ನು ಹಾಡುತ್ತಾರೆ. 1945ರ ಏಪ್ರಿಲ್ 9ರಂದು ಫ್ಲೋಸನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು. ಯುದ್ಧ ಮುಗಿಯಲು ಒಂದೇ ತಿಂಗಳಿತ್ತು.

ಮರಿಯಾ ಅಮೆರಿಕಕ್ಕೆ ಹೋಗಿ ನೆಲೆಸಿದರು, ಗಣಿತ ಓದಿದರು, ಕಂಪ್ಯೂಟರ್ ಉದ್ಯಮದಲ್ಲಿ ಕೆಲಸ ಮಾಡಿದರು. ತಮ್ಮಿಬ್ಬರ ಪತ್ರಗಳನ್ನು ಕಾಪಾಡಿದ್ದರು. ಅವರು ಬದುಕಿರುವವರೆಗೆ ಅವು ಇಡಿಯಾಗಿ ಅಚ್ಚಾಗಲಿಲ್ಲ. 1977ರಲ್ಲಿ ಅವರು ತೀರಿಕೊಂಡರು. ಪತ್ರಗಳು ಜರ್ಮನ್ ಭಾಷೆಯಲ್ಲಿ ಪುಸ್ತಕವಾಗಿ ಬಂದದ್ದು 1992ರಲ್ಲಿ. ಪ್ರೇಮಪತ್ರಗಳ ಆ ಪುಸ್ತಕದ ಹೆಸರಿನಲ್ಲೇ ಟೇಗೆಲ್ ಸೆರೆಮನೆಯ ಕೋಣೆಯ ಸಂಖ್ಯೆಯೂ ಇದೆ: 92.